ಲೋಟ ಕೊಟ್ಟು ತುದಿ ಹಿಡಿಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯ ಹಿಂಬದಿಯ ಅಡುಗೆಕೋಣೆಯಲ್ಲಿ ಒಬ್ಬ ಹೆಂಗಸು ನಿಂಬೆಹಣ್ಣು ಹಿಂಡುತ್ತಿದ್ದಾರೆ. ಒಲೆಯ ಮೇಲೆ ಟೀ ಕುದಿಯುತ್ತಿದೆ. ಬೇಯಿಸಿದ ಕಡಲೆಕಾಯಿಯನ್ನು ಬಸಿದು ಇಟ್ಟಾಗಿದೆ. ಬಾಳೆಹಣ್ಣುಗಳು ತಳ್ಳುಗಾಡಿಯ ಕೆಳತಟ್ಟೆ ಸೇರಿವೆ. ಪಾನಕಕ್ಕೆ ಸಕ್ಕರೆ ಸುರಿದು, ಉಪ್ಪನ್ನು ಮಾತ್ರ ಬೆರಳ ತುದಿಯಲ್ಲಿ ಎತ್ತಿ ಹಾಕುತ್ತಾರೆ. “ಉಪ್ಪು ಕಮ್ಮಿ ಆದ್ರೆ ಒಳಗೆ ಬಿಸಿಯಲ್ಲಿ ನಿಲ್ಲೋರ ತಲೆ ಸುತ್ತುತ್ತೆ. ಜಾಸ್ತಿ ಆದ್ರೆ ಎಲ್ಲರೂ ಸೇರಿ ನನ್ನನ್ನೇ ಸುತ್ತುವರೀತಾರೆ” ಎಂದು ನಗುತ್ತಾರೆ.

ಇವರನ್ನು ಇಲ್ಲಿ ಎಲ್ಲರೂ ತುದಿಯಕ್ಕ ಎನ್ನುತ್ತಾರೆ. ಇವರು ತಳ್ಳುವ ಗಾಡಿ ಇನ್ನು ಮುಂದೆ ಇರುತ್ತದೋ ಇಲ್ಲವೋ ಎಂಬುದನ್ನು ಮ್ಯಾನೇಜರ್ ಇವತ್ತು ಹೇಳಲಿದ್ದಾರೆ. ಆ ಮಾತೆತ್ತಿದರೆ ಅಕ್ಕ ನಿಂಬೆಯ ಬೀಜ ಆರಿಸುವುದರಲ್ಲಿ ಮಗ್ನರಾಗುತ್ತಾರೆ.

ಲಾಂಡ್ರಿಯೊಳಗೆ ಕಾಲಿಟ್ಟರೆ ಹಬೆ ಮುಖಕ್ಕೆ ರಾಚುತ್ತದೆ. ಒಂದು ಕಡೆ ಒಗೆಯುವ ಯಂತ್ರಗಳು, ಇನ್ನೊಂದು ಕಡೆ ಮಡಿಸುವ ಉದ್ದನೆಯ ಮೇಜುಗಳು, ನಡುವೆ ಇಸ್ತ್ರಿ ರೋಲರ್. ಅದು ಕಾದ ಕಬ್ಬಿಣದ ದೊಡ್ಡ ಉರುಳೆ. ಇಬ್ಬರು ಎದುರುಬದುರು ನಿಂತು ಒದ್ದೆ ಬೆಡ್‌ಶೀಟಿನ ಎರಡು ತುದಿಗಳನ್ನು ಬಿಗಿಯಾಗಿ ಎಳೆದು ಅದರ ಬಾಯಿಗೆ ಕೊಡಬೇಕು. ಆಚೆ ಬದಿಯಲ್ಲಿ ಇನ್ನಿಬ್ಬರು ಹಿಡಿದುಕೊಳ್ಳಬೇಕು. ಒಂದರ ಬಾಲ ಒಳಹೋಗುವ ಮೊದಲೇ ಇನ್ನೊಂದರ ತಲೆ ಸಿದ್ಧವಿರಬೇಕು. ರೋಲರ್ ನಿಲ್ಲಿಸಿದರೆ ಒಳಗಿದ್ದ ಬಟ್ಟೆ ಕರಕಲಾಗುತ್ತದೆ. ಹೀಗಾಗಿ ಬಿಸಿಯ ಎದುರು ಹೆಚ್ಚು ಹೊತ್ತು ನಿಲ್ಲುವವರೇ ನೀರಿಗಾಗಿ ಜಾಗ ಬಿಟ್ಟು ಕದಲಲಾರರು.

ಅದಕ್ಕೇ ಇಲ್ಲೊಂದು ಪದ್ಧತಿ ಬೆಳೆದಿದೆ. ಅಕ್ಕ ಗಾಡಿಯನ್ನು ರೋಲರ್ ಪಕ್ಕಕ್ಕೆ ತಂದು, ಒಬ್ಬರ ಮುಂದೆ ಲೋಟ ಚಾಚುತ್ತಾರೆ. ಅವರು “ತುದಿ!” ಎಂದು ಕೂಗುತ್ತಾರೆ. ಅಕ್ಕನ ಬಲಗೈ ಲೋಟ ಬಿಡುವುದಕ್ಕೂ ಎಡಗೈ ಬಟ್ಟೆಯ ತುದಿ ಹಿಡಿಯುವುದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಸಮಯವೂ ಇರುವುದಿಲ್ಲ. ಅವರು ಟೀ ಕುಡಿದು, ಕಡಲೆಕಾಯಿ ತಿಂದು, ಬೆನ್ನು ನೆಟ್ಟಗೆ ಮಾಡಿ ಬರುವ ತನಕ ಅಕ್ಕ ಅವರ ಜಾಗದಲ್ಲಿ ರೋಲರಿಗೆ ಬಟ್ಟೆ ಉಣಿಸುತ್ತಾರೆ. ಆಮೇಲೆ ಎದುರಿನವರ ಸರದಿ.

“ಹೊಸದಾಗಿ ಬಂದವಳೊಬ್ಬಳು ‘ತುದಿ’ ಅಂದ್ರೆ ನನ್ನ ಹೆಸರು ಅಂದ್ಕೊಂಡಿದ್ದಳು. ‘ತುದಿ ಅವರೇ, ಬಾಳೆಹಣ್ಣು ಇನ್ನೊಂದು ಸಿಗುತ್ತಾ’ ಅಂತ ಮರ್ಯಾದೆಯಿಂದ ಕೇಳಿದಳು. ಆವತ್ತಿಂದ ಎಲ್ಲರೂ ಅದನ್ನೇ ಹಿಡ್ಕೊಂಡ್ರು” ಎಂದು ಅಕ್ಕ ಹೆಸರಿನ ಕಥೆ ಹೇಳುತ್ತಾರೆ.

ಅಕ್ಕ ಇಲ್ಲಿಗೆ ಬಂದದ್ದು ಟೀ ಕೊಡಲು ಅಲ್ಲ, ರೋಲರ್ ಕೆಲಸಕ್ಕೆ. ಗಂಡ ವ್ಯಾನುಗಳ ಮೆಕ್ಯಾನಿಕ್ ಆಗಿದ್ದರು, ಮೊಣಕಾಲು ಕೈಕೊಟ್ಟಿತು. ಮಗಳು ಆಗ ಶಾಲೆಯಲ್ಲಿದ್ದಳು, ಈಗ ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ. ಬೆಳಗಿನ ಪಾಳಿಗೆ ಬರುವ ಹೆಂಗಸರು ಮನೆಯವರಿಗೆಲ್ಲ ತಿನ್ನಲು ಮಾಡಿಟ್ಟು, ತಾವು ತಿನ್ನದೆ ಓಡಿ ಬರುವುದು ವಾಡಿಕೆ. “ಹೊಟ್ಟೆಗೆ ತಣ್ಣೀರು ಬಟ್ಟೆ ಅಂತಾರಲ್ಲ, ನಾವು ಅದನ್ನ ಕಟ್ಕೊಂಡು ಬಿಸಿ ಬಟ್ಟೆ ಇಸ್ತ್ರಿ ಮಾಡ್ತಿದ್ವಿ. ನೀರು ಕುಡಿದ್ರೆ ಬಚ್ಚಲಿಗೆ ಹೋಗ್ಬೇಕು, ಹೋಗೋಕೆ ಬಿಡುವಿಲ್ಲ. ಅದಕ್ಕೇ ಕುಡೀತಾನೇ ಇರಲಿಲ್ಲ. ಸಾಯಂಕಾಲ ತಲೆನೋವು, ಉರಿ. ಯಾರ ಹತ್ರ ಹೇಳೋದು?”

ಒಂದು ಬೇಸಿಗೆಯಲ್ಲಿ ಅಕ್ಕನ ಎದುರು ನಿಂತಿದ್ದ ಹೆಂಗಸು ತಲೆ ಸುತ್ತಿ ರೋಲರಿನ ಮೇಲೆಯೇ ವಾಲಿದರು. ಅಕ್ಕ ಬಟ್ಟೆ ಬಿಟ್ಟು ಅವರ ಸೆರಗು ಹಿಡಿದೆಳೆದರು. ಆ ಹೆಂಗಸಿನ ಮೊಣಕೈ ಸುಟ್ಟಿತು, ಜೀವ ಉಳಿಯಿತು. ಅಂದಿನ ಮಾಲೀಕರು ವಯಸ್ಸಾದವರು, ತಮ್ಮ ಕಣ್ಣೆದುರೇ ನಡೆದದ್ದನ್ನು ಕಂಡು ನಡುಗಿದರು. ಮರುದಿನವೇ ಗಾಡಿ ತರಿಸಿ, ಇದನ್ನು ಯಾರು ತಳ್ಳುತ್ತೀರಿ ಎಂದು ಕೇಳಿದರು. ರೋಲರ್ ಕೆಲಸ ಬಲ್ಲವರೇ ತಳ್ಳಬೇಕು, ಇಲ್ಲವಾದರೆ ಲೋಟ ಕೊಟ್ಟೂ ಉಪಯೋಗವಿಲ್ಲ ಎಂದು ಅಕ್ಕ ಮುಂದೆ ಬಂದರು.

ಈಗ ಪಾಳಿಯೊಂದಕ್ಕೆ ಎರಡು ಸುತ್ತು. ಬೆಳಿಗ್ಗೆ ಟೀ ಮತ್ತು ತಿನ್ನಲು ಏನಾದರೊಂದು. ಬಿಸಿಲೇರಿದ ಮೇಲೆ ನಿಂಬೆ ಪಾನಕ ಮತ್ತು ಹಣ್ಣು. ದಿನಕ್ಕೆ ನೂರರ ಹತ್ತಿರ ಲೋಟ. ಫಲವೇನು ಎಂದು ಮೇಸ್ತ್ರಿಯನ್ನು ಕೇಳಿದರೆ ಅವರು ಲೆಕ್ಕ ಹೇಳುವುದಿಲ್ಲ, ನಡೆದದ್ದನ್ನು ಹೇಳುತ್ತಾರೆ. “ಮೊದಲೆಲ್ಲ ಊಟಕ್ಕೆ ಮುಂಚಿನ ಹೊತ್ತು ಬಂತು ಅಂದ್ರೆ ನನಗೆ ಎದೆ ಡವಡವ. ಆಗಲೇ ಕೈ ಸುಟ್ಕೊಳ್ಳೋದು, ಆಗಲೇ ಬಟ್ಟೆ ಹರಿಯೋದು, ಆಗಲೇ ಜಗಳ. ನೀನು ಬೇಗ ಎಳೆದೆ, ನೀನು ನಿಧಾನ ಮಾಡಿದೆ ಅಂತ ಕಚ್ಚಾಡೋರು. ಗಾಡಿ ಬಂದ್ಮೇಲೆ ಜಗಳಾನೂ ಬೇರೆ ಥರ. ಬಾಳೆಹಣ್ಣಲ್ಲಿ ದೊಡ್ಡದು ಯಾರಿಗೆ ಅಂತ. ಅಂಥ ಜಗಳ ಇದ್ರೆ ಇರಲಿ ಬಿಡಿ.”

ಆಸ್ಪತ್ರೆಯ ಮಂಚದ ಪಕ್ಕ ವಾರಗಟ್ಟಲೆ ಕುಳಿತವರಿಗೆ ಗೊತ್ತು, ಹೊಸದಾಗಿ ಹಾಸಿದ ಬಿಳಿಯ ಬಟ್ಟೆಯ ಮೇಲೆ ಮಲಗಿಸಿದಾಗ ನೋಯುವ ಮೈ ಹೇಗೆ ಸ್ವಲ್ಪ ಸಡಿಲಾಗುತ್ತದೆಂದು. ಹಾಸಿದ ದಾದಿಯ ಮುಖ ನೆನಪಿರುತ್ತದೆ. ಆ ಬಟ್ಟೆಯ ಸುಕ್ಕು ತೆಗೆದವರಿಗೆ ಅಂದು ಒಂದು ಗುಟುಕು ನೀರು ಸಿಕ್ಕಿತ್ತೇ ಎಂದು ಯಾರೂ ಕೇಳುವುದಿಲ್ಲ. ಕೇಳುವವನು ಮೇಲೊಬ್ಬನಿದ್ದಾನೆ, ಅವನು ಇಲ್ಲಿ ಈ ಅಕ್ಕನ ಕೈಯಿಂದ ಕೇಳಿಸುತ್ತಾನೆ.

ಮಾಲೀಕರು ತೀರಿಕೊಂಡ ಮೇಲೆ ಹೊಸ ಮ್ಯಾನೇಜರ್ ಬಂದರು. ಕೆಲಸಗಾರರ ಕಷ್ಟ ತಿಳಿದ ಹೆಣ್ಣುಮಗಳು. ಫ್ಯಾನು, ಕುರ್ಚಿ, ಟೀ ಸುರಿಯುವ ಯಂತ್ರ, ಬಿಸ್ಕತ್ತಿನ ಕಪಾಟು ಇರುವ ಚೊಕ್ಕ ಕೋಣೆಯೊಂದನ್ನು ಅವರು ಕಟ್ಟಿಸಿದರು. ಒಗೆಯುವವರು, ಮಡಿಸುವವರು ಖುಷಿಪಟ್ಟರು. ಇನ್ನು ಗಾಡಿ ಯಾಕೆ ಎಂಬ ಪ್ರಶ್ನೆ ಸಹಜವಾಗಿಯೇ ಬಂತು. ಗಾಡಿಯನ್ನು ಮೆಟ್ಟಿಲ ಕೆಳಗೆ ಸೇರಿಸಿ, ಅಕ್ಕನನ್ನು ಮಡಿಸುವ ಮೇಜಿನ ಬಳಿ ಕೂರಿಸಿದರು. ಸಂಬಳ ಅದೇ, ಕೆಲಸ ಹಗುರ. ಅಕ್ಕ ಹೇಳುತ್ತಾರೆ, “ನನಗೇನೋ ಸುಖವೇ. ಆದ್ರೆ ರೋಲರ್ ಕಡೆ ತಿರುಗಿ ನೋಡಿದ್ರೆ, ಅವರ ತುಟಿ ಒಣಗಿರೋದು ಅಲ್ಲಿಂದಲೇ ಕಾಣ್ತಿತ್ತು. ತಲೆ ತಗ್ಗಿಸಿ ದಿಂಬಿನ ಕವರ್ ಮಡಿಸ್ತಿದ್ದೆ.”

ರೋಲರಿನವರು ಕೋಣೆಗೆ ಬಾರದಿರುವುದನ್ನು ಮ್ಯಾನೇಜರ್ ಕೂಡ ಗಮನಿಸಿದರು. ಕಳೆದ ವಾರ ಒಂದು ಬೆಳಿಗ್ಗೆ ತಾವೇ ತಟ್ಟೆಯಲ್ಲಿ ಪಾನಕದ ಲೋಟಗಳನ್ನು ಇಟ್ಟುಕೊಂಡು ಅಲ್ಲಿಗೆ ಹೋದರು. ಮೊದಲ ಲೋಟ ಚಾಚಿದ್ದು ತುದಿಯಕ್ಕನ ನಾದಿನಿಗೆ. ಗಂಡನ ತಂಗಿಯಾದ ಈಕೆ ರೋಲರಿನ ಬಲತುದಿಯಲ್ಲಿ ನಿಲ್ಲುವವರು. ಲೋಟ ಕಣ್ಣಿಗೆ ಬಿದ್ದದ್ದೇ ತಡ, ನಾದಿನಿ “ತುದಿ!” ಎಂದು ಕೂಗಿ ಬಟ್ಟೆ ಬಿಟ್ಟು ಲೋಟಕ್ಕೆ ಕೈ ಚಾಚಿದರು. ಹಿಡಿಯಲು ಯಾರೂ ಇರಲಿಲ್ಲ. ಬಟ್ಟೆ ಸೊಟ್ಟಗೆ ನುಗ್ಗಿ ಉರುಳೆಗೆ ಸುತ್ತಿಕೊಂಡಿತು. ಸುಟ್ಟ ವಾಸನೆ ಎದ್ದಿತು. ರೋಲರ್ ಆರಿಸಿ, ತಣ್ಣಗಾಗುವ ತನಕ ಕಾದು, ಬಟ್ಟೆ ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು.

ಆಗ ನಡೆದ ಮಾತನ್ನು ಈಗಲೂ ಇಲ್ಲಿ ಇಬ್ಬರು ಸೇರಿದರೆ ನಾಟಕದಂತೆ ಆಡಿ ತೋರಿಸುತ್ತಾರೆ.

“ಯಾಕಮ್ಮ ಬಿಟ್ಟೆ?”

“ಲೋಟ ಬಂತು, ಬಿಟ್ಟೆ ಮೇಡಂ.”

“ಬಿಟ್ರೆ ಹಿಡ್ಕೊಳ್ಳೋರು ಯಾರು?”

“ಅತ್ತಿಗೆ ಹಿಡ್ಕೋತಾರೆ.”

“ಅತ್ತಿಗೆ ಎಲ್ಲಿ?”

“ಅಲ್ಲಿ ಕೂತಿದ್ದಾರಲ್ಲ ಮೇಡಂ. ನೀವೇ ಕೂರಿಸಿದ್ದು!”

ಹೇಳಿ ಮುಗಿಸಿದ ಮೇಲೆ ನಾದಿನಿಗೆ ಅಳು ಬಂತಂತೆ, ಮ್ಯಾನೇಜರಿಗೆ ನಗು. ಆ ಪಾನಕವನ್ನು ಕೊನೆಗೆ ಮೇಸ್ತ್ರಿ ಕುಡಿದರಂತೆ. ಮ್ಯಾನೇಜರ್ ಯಾರಿಗೂ ದಂಡ ಹಾಕಲಿಲ್ಲ. ಸದ್ಯಕ್ಕೆ ಗಾಡಿ ಹೊರಗೆ ಬರಲಿ, ಮುಂದಿನದನ್ನು ಯೋಚಿಸಿ ಹೇಳುತ್ತೇನೆ ಎಂದರು. ಆ ಯೋಚನೆ ಮುಗಿಯುವ ದಿನ ಇದು.

ಬೆಳಗಿನ ಸುತ್ತು ಶುರುವಾಗುವ ಹೊತ್ತಿಗೆ ಮ್ಯಾನೇಜರ್ ರೋಲರ್ ಬಳಿ ಬರುತ್ತಾರೆ. ಮಡಿಸುವ ಮೇಜಿನ ಒಬ್ಬ ಹೆಂಗಸನ್ನೂ ಜೊತೆಗೆ ಕರೆದು ತಂದಿದ್ದಾರೆ. ಯಂತ್ರದ ಸದ್ದಿನ ಮೇಲೆ ಕೇಳಲೆಂದು ಗಟ್ಟಿಯಾಗಿ ಹೇಳುತ್ತಾರೆ: “ಕೋಣೆ ಇರುತ್ತೆ. ಗಾಡೀನೂ ಇರುತ್ತೆ. ರೋಲರಿನವರಿಗೆ ಇಲ್ಲೇ ಕೊಡಿ. ಆದ್ರೆ ತುದಿ ಹಿಡಿಯೋದನ್ನ ಇವರಿಗೂ ಕಲಿಸಿಬಿಡಿ. ನಿಮಗೆ ಜ್ವರ ಬಂದ ದಿನ ಏನು ಗತಿ?”

“ಜ್ವರ ಬಂದ ದಿನಾನೂ ಬಂದಿದೀನಿ ಮೇಡಂ.”

“ಅದೇ ಬೇಡ ಅಂತಿರೋದು.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಹಬೆಗೆ ಎಲ್ಲರ ಮುಖವೂ ಒದ್ದೆಯೇ ಆದ್ದರಿಂದ ಯಾಕೆಂದು ಯಾರೂ ಕೇಳುವುದಿಲ್ಲ. ಮಡಿಸುವ ಮೇಜಿನಿಂದ ಬಂದ ಹೊಸಬಳನ್ನು ನಾದಿನಿಯ ಪಕ್ಕ ನಿಲ್ಲಿಸಿ, ಹೆಬ್ಬೆರಳು ಒಳಗಿರಲಿ, ಮೊಣಕೈ ಹೊರಗಿರಲಿ ಎಂದು ತೋರಿಸುತ್ತಾರೆ. ಎರಡು ಬೆಡ್‌ಶೀಟು ಸೊಟ್ಟ, ಮೂರನೆಯದು ನೇರ. ನಾದಿನಿ “ತುದಿ!” ಎನ್ನುತ್ತಾರೆ, ಹೊಸಬಳು ಹಿಡಿಯುತ್ತಾಳೆ.

ಕೈ ಖಾಲಿಯಾದ ನಾದಿನಿ ಗಾಡಿಗೆ ಬಂದು ಟೀ ಬಗ್ಗಿಸಿ, ಲೋಟವನ್ನು ಅತ್ತಿಗೆಯ ಕೈಗೆ ತುರುಕುತ್ತಾರೆ. “ಇವತ್ತು ಮೊದಲನೇದು ನಿಮಗೆ ಅತ್ತಿಗೆ. ಬೇಡ ಅಂದ್ರೆ ಅಣ್ಣನಿಗೆ ಹೇಳ್ತೀನಿ.” ಇಷ್ಟು ವರ್ಷ ಅಕ್ಕ ಕುಡಿದದ್ದು ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದ, ಆರಿದ ಟೀಯನ್ನೇ. ಈಗ ಎಲ್ಲರೂ ನೋಡುತ್ತಿದ್ದಾರೆಂಬ ನಾಚಿಕೆಗೆ ಅವಸರದಿಂದ ಒಂದು ಗುಟುಕು ಹೀರಿ, ಬಾಯಿ ಮುಚ್ಚಿಕೊಳ್ಳುತ್ತಾರೆ.

“ಅಯ್ಯೋ, ನಾಲಿಗೆ ಸುಟ್ಟೇಹೋಯ್ತು! ಇಷ್ಟು ಬಿಸೀನಾ ನಾನು ಇವರಿಗೆಲ್ಲ ಕೊಡ್ತಿದ್ದಿದ್ದು? ಒಬ್ಬರೂ ಒಂದು ಮಾತು ಹೇಳಲಿಲ್ಲವಲ್ಲೇ!”