ಆದಿನಾಥ ಕಾಕಾನ ಮೆತ್ತನೆಯ ಶಬ್ದಗಳು

ತೇರದಾಳದ ತನ್ನ ಓಣಿಯಲ್ಲಿರಲಿ, ಸುತ್ತಲಿನ ಊರುಗಳಲ್ಲಿರಲಿ, ಯಾರ ಮನೆಯವರು ವರನನ್ನೋ ಕನ್ಯೆಯನ್ನೋ ನೋಡತೊಡಗಿದರೂ ಬಯೋಡೇಟಾ ಬರೆಯಲು ಆದಿನಾಥ ಕಾಕಾನೇ ಬೇಕು. ಸೊಸೈಟಿಯೊಂದರಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇರಲಿಲ್ಲ. ನಾಚಿಕೆ ಇದ್ದದ್ದು ಅವನಿಗೇ. ಮೊಬೈಲಿನಲ್ಲಿ ಹುಡುಕಾಡಿ ತನಗೆ ತಾನೇ ‘ಆಫೀಸ್ ಕೋಆರ್ಡಿನೇಟರ್’ ಎಂದು ಹೆಸರಿಟ್ಟುಕೊಂಡ ದಿನದಿಂದ ಇಂಗ್ಲಿಷಿನ ಸಮಾನಾರ್ಥಕ ಪದಗಳ ಹುಚ್ಚು ಹತ್ತಿತು.

“ಇಂಗ್ಲಿಷಿನ್ಯಾಗ ಒಂದೊಂದು ಶಬ್ದಕ್ಕ ಮನಿ ತುಂಬ ಬೀಗರು ಅದಾರವಾ. ಯಾರನ್ನ ಕರದು ಎಲ್ಲಿ ಕುಂಡ್ರಸಬೇಕು ಅನ್ನೂದು ಗೊತ್ತಿರಬೇಕು,” ಎನ್ನುತ್ತಿದ್ದ.

ಅವನು ಕೂರಿಸುತ್ತಿದ್ದ ರೀತಿ ಅಣ್ಣನ ಮಗಳು ಹೀರಾಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡಿಗೆ ಮಂಚ, ಹೆಣ್ಣಿಗೆ ಹೊಸ್ತಿಲು. ಟ್ರ್ಯಾಕ್ಟರ್ ಓಡಿಸುವವನು ‘ಟ್ರಾನ್ಸ್‌ಪೋರ್ಟ್ ಎಂಟರ್‌ಪ್ರಿನರ್’ ಆಗಿಬಿಡುತ್ತಿದ್ದ. ಹೀರಾಳ ಬಯೋಡೇಟಾದಲ್ಲಿ ಜೆಂಟಲ್, ಮೈಲ್ಡ್, ಮೀಕ್, ಸಾಫ್ಟ್ ನಾಲ್ಕೂ ಸಾಲಾಗಿ ನಿಂತಿದ್ದವು. ಮದುವೆಯಾಗಿ ತಿಂಗಳು ತುಂಬುವುದರೊಳಗೆ ಅವಳ ಗಂಡ, “ಕಾಗದದಾಗಿನ ಆ ಹುಡಗಿ ಎಲ್ಲಿ ಹೋದ್ಲು?” ಎಂದು ಕೇಳಿದ್ದ.

ಈಗ ತಂಗಿ ಸಿದ್ಧಿಯ ಸರದಿ. ರಬಕವಿಯ ಸೀರೆ ಕಾರ್ಖಾನೆಯಲ್ಲಿ ಡಿಸೈನ್ ವಿಭಾಗ ನಡೆಸುವವಳು. ಯಾವ ಸೀರೆಗೆ ಯಾವ ಅಂಚು, ಯಾವ ಮಗ್ಗಕ್ಕೆ ಯಾವ ನೂಲು ಎಂದು ಹೇಳುವವಳು. ಮದುವೆಯಾದರೂ ಕೆಲಸ ಬಿಡುವುದಿಲ್ಲ, ಅದನ್ನು ಮೊದಲೇ ತಿಳಿಸಬೇಕು ಎಂಬುದೊಂದೇ ಅವಳ ಷರತ್ತು. ತವರಿಗೆ ಬಂದಿದ್ದ ಹೀರಾ ಮಗಳ ಬಾಯಿಗೆ ಅನ್ನ ಇಡುತ್ತಲೇ ಕಾಕಾನ ಬರಹ ಓದಿದಳು.

“ಕಾಕಾ, ಸಿದ್ಧಿ ಮ್ಯಾನೇಜ್ ಅಂತ ಬರಸಿದ್ಲಲ್ಲ, ಅದೆಲ್ಲಿ?”

“ಹೆಣ್ಮಕ್ಕಳಿಗಿ ಅದು ಜಡ ಆಕ್ಕೈತಿ, ಹೊರಾಕ ಆಗೂದಿಲ್ಲ. ಮೊದಲ ಅಸಿಸ್ಟ್ ಹಾಕಿದೆ. ಅದೂ ಗಟ್ಟಿ ಅನಸ್ತು, ಹೆಲ್ಪ್ ಹಾಕಿದೆ. ಕಡೀಕ ಇಂಟರೆಸ್ಟೆಡ್ ಸಿಕ್ತು ನೋಡು, ಬೆಣ್ಣಿಯಂಥಾ ಶಬ್ದ!”

“ತಿದ್ದಿ ಕೊಡ್ರಿ.”

“ಮುಧೋಳದ ಹುಡಗನ ಮನಿಗಿ ನಿನ್ನೆನ ಕಳಿಸೇನಿ.”

ಇಂಥವನ ಕೈಗೆ ಸಿಕ್ಕಿದ್ದು ಆ ಶಬ್ದಗಳ ದುರದೃಷ್ಟ ಎಂದುಕೊಂಡಳು ಹೀರಾ.

ಭಾನುವಾರ ಮುಧೋಳದವರು ಬಂದರು. ಅವಲಕ್ಕಿ ತಿನ್ನುತ್ತ ಹುಡುಗನ ತಂದೆ ದೊಡ್ಡ ಮನಸ್ಸು ಮಾಡಿದರು: “ಸೀರಿ, ನೂಲು ಅಂದ್ರ ಆಸಕ್ತಿ ಅಂತ. ಇರಲಿ ತಗೋರಿ, ನಮ್ಮನ್ಯಾಗೂ ಹೊಲಗಿ ಮಷೀನ್ ಐತಿ.”

“ಆಸಕ್ತಿ ಅಲ್ರೀ, ನೌಕರಿ,” ಎಂದಳು ಸಿದ್ಧಿ. “ನನ್ನ ಕೈಯಾಗ ಹದಿನಾಕು ಮಂದಿ ಅದಾರ. ಲಗ್ನ ಆದಮ್ಯಾಲೂ ಬಿಡೂದಿಲ್ಲ.”

ಅವರು ಚಮಚ ಕೆಳಗಿಟ್ಟು ಕಾಕಾನತ್ತ ತಿರುಗಿದರು. “ಹಿಂಗ ಬರದಿಲ್ಲಲ್ರೀ ನೀವು?”

“ಅರ್ಥ ಒಂದ ರೀ. ಸ್ವಲ್ಪ ಮೆತ್ತಗ ಮಾಡೇನಿ, ಅಷ್ಟ.”

ಸಿದ್ಧಿ ಹುಡುಗನನ್ನು ನೋಡಿದಳು. “ನೀವು ಡೈರೆಕ್ಟರ್ ಅಂತ ಓದಿದೆ. ಯಾವ ಕಂಪನಿರೀ?”

ಹುಡುಗನ ಕಿವಿ ಕೆಂಪಾದವು. “ಮಾವನ ಗೊಬ್ಬರದ ಅಂಗಡ್ಯಾಗ ಬಿಲ್ ಬರೀತೀನ್ರಿ. ನನ್ನ ಬಯೋಡೇಟಾನೂ ಈ ಕಾಕಾನ ಬರದದ್ದು.”

ಮುಧೋಳದವರು ಗಡಿಬಿಡಿಯಿಂದ ಚಹಾ ಮುಗಿಸಿದರು. ಒಬ್ಬನನ್ನು ಎಳೆದು ಉದ್ದ ಮಾಡಿ, ಒಬ್ಬಳನ್ನು ಒತ್ತಿ ಗಿಡ್ಡ ಮಾಡಿ ಕೂಡಿಸಲು ಹೊರಟಿದ್ದ ಮಹಾನುಭಾವ ಮಾತ್ರ ಎರಡನೇ ಪ್ಲೇಟು ಅವಲಕ್ಕಿ ಹಾಕಿಸಿಕೊಂಡ.

ಸಂಜೆ ಮುಧೋಳದಿಂದ ಬೇಡವೆಂದು ಫೋನ್ ಬಂತು. “ರಿಜೆಕ್ಟ್ ಮಾಡಿದ್ರು,” ಎಂದಳು ಹೀರಾ.

“ರಿಜೆಕ್ಟ್ ಅನಬ್ಯಾಡವಾ, ಡಿಕ್ಲೈನ್ ಅನ್ನು. ಮರ್ಯಾದಿ ಶಬ್ದ,” ಎಂದ ಕಾಕಾ, ಮತ್ತೆ ಮೊಬೈಲ್ ತಿಕ್ಕುತ್ತ. “ಬೀಳಗ್ಯಾಗ ಒಂದು ಮನಿ ಐತಿ, ಇದ ನೋಡವಾ ನಂಬರ್. ಇನ್ನೊಂಚೂರು ಮೆತ್ತಗ ಮಾಡಿ ಕಳಸ್ತೀನಿ.”

“ನೀವು ಆರಾಮ ಕುಂದರ್ರಿ ಕಾಕಾ.”

ಹೀರಾ ಮಗಳನ್ನು ಬಗಲಿಗೆ ಏರಿಸಿಕೊಂಡು, ಒಂದೇ ಕೈಯಲ್ಲಿ ತನ್ನ ಮೊಬೈಲಿನಲ್ಲಿ ಕನ್ನಡದಲ್ಲೇ ಬರೆದಳು: ‘ಸಿದ್ಧಿ ರಬಕವಿಯ ಕಾರ್ಖಾನೆಯಲ್ಲಿ ಹದಿನಾಲ್ಕು ಮಂದಿಗೆ ಕೆಲಸ ಹೇಳುತ್ತಾಳೆ. ಮದುವೆಯಾದ ಮೇಲೂ ಹೇಳುತ್ತಾಳೆ.’

ಕಾಕಾ ಇಣುಕಿ ನೋಡಿ ಮುಖ ಕಿವುಚಿದ. “ಭಾಳ ಬಿರುಸಾತವಾ.”

“ಹೌದ್ರಿ,” ಎಂದು ಹೀರಾ ಅದನ್ನು ಬೀಳಗಿಗೆ ಕಳಿಸಿಬಿಟ್ಟಳು.