ನಾಣ್ಯದ ಬೆನ್ನ ಮೇಲಿನ ಹೂವು

ಬೀದಿಯವರೆಲ್ಲ ಅವನನ್ನು ‘ಇನ್ನೊಂದ್ಸಲ’ ಎಂದೇ ಕರೆಯುತ್ತಿದ್ದರು. ಅಂಗಡಿಗೆ ಬೀಗ ಹಾಕಿ ಮೆಟ್ಟಿಲಿಳಿದವನು “ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ” ಎಂದು ಮತ್ತೆ ಹತ್ತುವುದು, ಬೀಗ ಜಗ್ಗುವುದು, ಇಳಿಯುವುದು, ಬೀದಿಯ ತಿರುವಿನಿಂದ ಮತ್ತೆ ವಾಪಸ್ ಬರುವುದು. ಕೆಳಗಿನ ಟೈಲರ್ ಕಾಲಲ್ಲಿ ಮಷಿನ್ ತುಳಿಯುತ್ತಲೇ, “ಬಿಡಪ್ಪಾ, ಆ ಬೀಗಕ್ಕೇ ಬೇಜಾರಾಗಿ ಒಂದಿನ ತಾನೇ ಬಿಚ್ಕೊಳ್ಳುತ್ತೆ” ಎನ್ನುತ್ತಿದ್ದ.

ಅವನ ವ್ಯಾಪಾರ ಹಳೆಯ ಲೇಸರ್ ಸಾಮಾನಿನದು. ಗೋಡೆ ನೆಟ್ಟಗಿದೆಯೋ ಎಂದು ಕೆಂಪು ಗೆರೆ ಎಳೆದು ತೋರಿಸುವ ಡಬ್ಬಿ, ಕೋಣೆಯ ಉದ್ದಗಲ ಅಳೆಯುವ ಕೈಯಳತೆಯ ಯಂತ್ರ, ವೇದಿಕೆಯ ಮೇಲೆ ಹಸಿರು ಬೆಳಕು ಕುಣಿಸುವ ಪೆಟ್ಟಿಗೆ. ಕೊಳ್ಳುವುದು, ಒರೆಸುವುದು, ಕೆಟ್ಟಿದ್ದರೆ ಸರಿಮಾಡುವುದು, ಮಾರುವುದು. ಕಿಟಕಿ ಪಕ್ಕದ ಮೇಜು ಮಾತ್ರ ಹೆಂಡತಿಯದು. ಅಲ್ಲಿ ಅವಳ ಕೆತ್ತುವ ಲೇಸರ್ ಯಂತ್ರ. ಮರದ ಹಲಗೆ, ಪೆನ್ನು, ಚರ್ಮದ ಪಟ್ಟಿ, ಏನು ತಂದುಕೊಟ್ಟರೂ ಅದರ ಮೇಲೆ ಹೆಸರು ಕೆತ್ತಿ, ಮೂಲೆಯಲ್ಲಿ ಐದೆಸಳಿನ ಒಂದು ಪುಟ್ಟ ಹೂವು ಇಡುತ್ತಿದ್ದಳು. ಅದು ಅವಳ ಗುರುತು. ‘ಹೂವಿನಕ್ಕನ ಕೆಲಸ’ ಅಂತ ಕೇಳಿಕೊಂಡು ಬರುವ ಗಿರಾಕಿಗಳಿದ್ದರು. ಸುಳ್ಳೇಕೆ ಹೇಳಬೇಕು, ಅಂಗಡಿಯ ಬಾಡಿಗೆ ಹುಟ್ಟುತ್ತಿದ್ದದ್ದೇ ಆ ಮೇಜಿನಿಂದ.

ಅವಳಿಗೊಂದೇ ಆಸೆ. ದಪ್ಪ ಮರವನ್ನೂ ಕತ್ತರಿಸುವ ದೊಡ್ಡ ಯಂತ್ರ ಬೇಕು. ಅಂಥದ್ದೊಂದು ಭಾನುವಾರದ ಸಂತೆಯಲ್ಲಿತ್ತು. ಮುಚ್ಚಿಹೋದ ಕಾರ್ಖಾನೆಯ ಶೆಡ್ಡಿನಲ್ಲಿ ಹಳೆಯ ಯಂತ್ರದವರು ಸೇರುವ ಸಂತೆ ಅದು; ಅಲ್ಲಿಯವರಿಗೆ ಕ್ರಿಪ್ಟೋ ನಾಣ್ಯವೆಂದರೆ ಪ್ರಾಣ. ಫೋನಿನೊಳಗೆ ಮಾತ್ರ ಇರುವ ದುಡ್ಡಲ್ಲ, ಕೈಯಲ್ಲಿ ಹಿಡಿಯುವ ದಪ್ಪ ಹಿತ್ತಾಳೆಯ ಬಿಲ್ಲೆ. ಮುಂದೆ ಒಂದು ನಂಬರು. ಅದನ್ನು ಫೋನಿಗೆ ಹಾಕಿದರೆ ಒಳಗೆಷ್ಟು ದುಡ್ಡಿದೆ ಎಂದು ಯಾರಿಗಾದರೂ ಕಾಣುತ್ತದೆ. ಬೆನ್ನಿಗೆ ಮಿರಮಿರ ಮಿಂಚುವ ಸೀಲು, ಸೀಲಿನಡಿ ಚೂರು ಕಾಗದ, ಆ ಕಾಗದದಲ್ಲಿ ಗುಟ್ಟಿನ ಅಕ್ಷರಗಳು. ದುಡ್ಡು ನೋಡುವುದಕ್ಕೆ ನಂಬರು ಸಾಕು, ತೆಗೆಯುವುದಕ್ಕೆ ಆ ಅಕ್ಷರಗಳೇ ಬೇಕು. ಒಮ್ಮೆ ಸೀಲು ಕಿತ್ತರೆ ಆ ಬಿಲ್ಲೆಯನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಒಳಗಿನ ಅಕ್ಷರವನ್ನು ಯಾರೂ ಕಾಣದೆಯೇ ನಾಣ್ಯ ಕೈಯಿಂದ ಕೈಗೆ ಹೋಗುತ್ತಿತ್ತು.

ವೇದಿಕೆಗೆ ದೀಪ ಹಾಕುವವನೊಬ್ಬ ಊರು ಬಿಟ್ಟು ಹೊರಟಿದ್ದ. ಹೂವಿನಕ್ಕನ ಯಂತ್ರ, ಜೊತೆಗೆ ಅಂಗಡಿಯ ಅರ್ಧ ಸಾಮಾನು ಕೊಟ್ಟರೆ ಒಂದು ನಾಣ್ಯ ಕೊಡುತ್ತೇನೆಂದ. ಅದರೊಳಗಿನ ದುಡ್ಡು ದೊಡ್ಡ ಯಂತ್ರದ ಬೆಲೆಗೆ ಸರಿಯಾಗಿತ್ತು.

“ಬಿಚ್ಚಿ ನೋಡೋ ಹಾಗಿಲ್ಲ, ಇದೆಂಥ ದುಡ್ಡು ರೀ?” ಎಂದಳು ಹೆಂಡತಿ.

“ಸಂತೇಲಿ ಎಲ್ಲರೂ ತಗೊಳ್ತಾರೆ ಕಣೇ.”

“ಎಲ್ಲರೂ ತಗೊಳ್ಳಲಿ. ಬೀಗ ಹಾಕಿದ ಮೇಲೂ ನಿದ್ದೆ ಬರದೋರು ನೀವು. ಇದನ್ನ ಇಟ್ಕೊಂಡು ಮಲಗ್ತೀರಾ?”

ಮಲಗುತ್ತೇನೆ ಅಂದುಬಿಟ್ಟ. ಬಾಯಿಗೇನು, ಅಂದುಬಿಡುತ್ತದೆ! ಸಂಜೆ ನಾಣ್ಯ ಕೈಗೆ ಬಂತು. ಸಾಮಾನು ಬೆಳಿಗ್ಗೆ ಒಯ್ಯುತ್ತೇನೆಂದು ದೀಪದವನು ಹೋದ. ಅವನು ಮೆಟ್ಟಿಲಿಳಿಯುವ ಸದ್ದು ನಿಲ್ಲುವ ಮೊದಲೇ ಇವನಿಗೆ ಅನುಮಾನ ಶುರುವಾಯಿತು. ಹಿಂದೆ ಯಾರಾದರೂ ಸೀಲು ಕಿತ್ತು, ಅಕ್ಷರ ಬರೆದುಕೊಂಡು, ಮತ್ತೆ ಅಂಟಿಸಿದ್ದರೆ? ಫೋನು ತೆಗೆದು ನೋಡಿದ. ದುಡ್ಡು ಇತ್ತು. ಚಹಾ ಕುಡಿದು ನೋಡಿದ, ಇತ್ತು. ಆಮೇಲೆ ಇನ್ನೊಂದು ಭಯ ಹೊಕ್ಕಿತು: ಸಂತೆಯ ನೂಕುನುಗ್ಗಲಲ್ಲಿ ‘ನೋಡಿ ಕೊಡ್ತೀನಿ’ ಎಂದು ಇಸ್ಕೊಂಡವರು ಅಂಥದ್ದೇ ಖೊಟ್ಟಿ ಬಿಲ್ಲೆ ಕೈಗಿಟ್ಟರೆ?

ಮೊದಲಿನ ಭಯಕ್ಕೆ ಮದ್ದಿರಲಿಲ್ಲ, ಎರಡನೆಯದಕ್ಕಿತ್ತು. ಅಂಗಡಿಗೆ ಬಂದ ಪ್ರತಿ ಸಾಮಾನಿಗೂ ಹೂವಿನಕ್ಕನ ಯಂತ್ರದಲ್ಲಿ ಅದೇ ಹೂವಿನ ಗುರುತು ಹಾಕಿಡುವುದು ಅವನ ಪದ್ಧತಿ. ಕದ್ದು ಎಲ್ಲಿಗೆ ಒಯ್ದರೂ ನಮ್ಮದು ನಮ್ಮದೇ ಎಂದು ಗೊತ್ತಾಗಬೇಕು. ಯಂತ್ರ ಇನ್ನೂ ಮೇಜಿನ ಮೇಲೇ ಇತ್ತು. ಹೆಂಡತಿ ಕೆಳಗೆ ಟೈಲರ್ ಹತ್ತಿರ ಮಾತಿಗೆ ನಿಂತಿದ್ದಳು. ನಾಣ್ಯವನ್ನು ಯಂತ್ರದಡಿ ಇಟ್ಟ. ಹೊಳೆಯುವ ಹಿತ್ತಾಳೆ ಈ ಬೆಳಕನ್ನು ವಾಪಸ್ ಎಸೆಯುತ್ತದೆ, ಗುರುತು ಕೂರುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಬಿಲ್ಲೆ ತಿರುವಿ, ಸೀಲಿನ ಮೇಲೇ ಹಾಕಿದ. ಹೂವು ತೀರಾ ಮಸುಕಾಗಿ ಬಂತು.

“ಇನ್ನೊಂದ್ಸಲ” ಎಂದುಕೊಂಡು ಶಕ್ತಿ ಹೆಚ್ಚಿಸಿದ.

ಈ ಸಲ ಬೆರಳುಗುರಿನಷ್ಟು ಹೂವು, ಐದೂ ಎಸಳು, ಅಚ್ಚುಕಟ್ಟಾಗಿ ಬಂತು. ಸ್ವಲ್ಪ ಸುಟ್ಟ ವಾಸನೆ ಬಂತು. ಆ ಮೇಜಿನ ಹತ್ತಿರ ದಿನವೂ ಅದೇ ವಾಸನೆ ತಾನೇ, ಕಿಟಕಿ ತೆರೆದ.

ಬೆಳಿಗ್ಗೆ ದೀಪದವನು ಯಂತ್ರ ಎತ್ತಿಕೊಂಡು ಹೋಗುವಾಗ ಹೂವಿನಕ್ಕ ಅದರ ಮುಚ್ಚಳವನ್ನು ಸೆರಗಿನಿಂದ ಒರೆಸಿ ಕಳಿಸಿದಳು. ಖಾಲಿ ಮೇಜು ನೋಡಿ ಇವನಿಗೆ ಸಂಕಟವಾಯಿತು. ಭಾನುವಾರದವರೆಗೂ ಅವನು ಬದುಕಿದ್ದು ಫೋನಿನೊಳಗೆ. ತುತ್ತಿಗೊಮ್ಮೆ ನೋಡುವುದು, ಗಿರಾಕಿಯ ಮಾತಿನ ನಡುವೆ ನೋಡುವುದು. ನಾಣ್ಯ ಕಾಲುಚೀಲದೊಳಗಿತ್ತು, ಕಾಲು ಕುಂಟುತ್ತಿತ್ತು. “ಕೋಳಿ ಥರ ನಡೀತೀರಲ್ಲ, ಮೊಟ್ಟೆ ಇಡ್ತೀರೇನೋ” ಎಂದು ಹೆಂಡತಿ ನಕ್ಕಳು. ಅವನಿಗೆ ನಗು ಬರಲಿಲ್ಲ.

ಸಂತೆಯಲ್ಲಿ ದೊಡ್ಡ ಯಂತ್ರದ ಒಡತಿ ಬೆಳ್ಳಿಕೂದಲಿನ ಮುದುಕಿ. ಹೂವಿನಕ್ಕ ಬಂದವಳೇ ಯಂತ್ರದೊಳಗಿನ ಹಲ್ಲಿನ ಬೆಲ್ಟು ಸವರಿ, “ಇದನ್ನ ಕಿಟಕಿ ಕಡೆ ಮುಖ ಮಾಡಿ ಇಡೋಣ ರೀ” ಎಂದಳು. ಮುದುಕಿ ನಂಬರು ಹಾಕಿ ನೋಡಿ, “ದುಡ್ಡು ಸರಿಯಾಗಿದೆ” ಎಂದಳು. ಇವನು ಉಸಿರು ಬಿಟ್ಟ. ಮುದುಕಿ ನಾಣ್ಯ ತಿರುವಿ ಭೂತಗನ್ನಡಿ ಹಿಡಿದಳು.

“ಇದೇನಪ್ಪಾ ಹೂವು?”

“ನಮ್ಮ ಗುರುತು, ಅಜ್ಜಿ. ಅದಲು ಬದಲು ಆಗದಿರ್ಲಿ ಅಂತ.”

“ಯಾವುದರಲ್ಲಿ ಹಾಕಿದೆ?”

“ಲೇಸರ್‌ನಲ್ಲಿ.”

ಮುದುಕಿ ನಾಣ್ಯವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. “ಅಯ್ಯೋ ಪುಣ್ಯಾತ್ಮ! ಈ ಕಸುಬಿನವನು ನೀನು. ಅದರ ಅಡಿ ಇರೋದು ಕಾಗದ ಅಲ್ವೇನೋ?”

ಹಿತ್ತಾಳೆಯ ಬಗ್ಗೆ ಅಷ್ಟು ಯೋಚಿಸಿದವನಿಗೆ ಕಾಗದದ ನೆನಪೇ ಆಗಿರಲಿಲ್ಲ. ಲೇಸರ್ ಸೀಲನ್ನು ಸುಟ್ಟು ತೂತು ಮಾಡಿತ್ತು; ತೂತಾದ ಸೀಲಿನ ನಾಣ್ಯವನ್ನು ಯಾರೂ ಕೊಳ್ಳುವುದಿಲ್ಲ. ಇನ್ನು ಉಳಿದದ್ದು ಕಿತ್ತು ನೋಡುವುದೊಂದೇ. ಅವನು ನಾಣ್ಯವನ್ನು ಹೆಂಡತಿಯ ಕಡೆ ಸರಿಸಿದ. ಹೂವಿನಕ್ಕನೇ ಕಿತ್ತಳು. ಕಾಗದದ ನಟ್ಟನಡುವೆ ಐದೆಸಳಿನ ಹೂವು, ಕರಿಕಪ್ಪು. ಸುತ್ತ ಅಂಚಿನಲ್ಲಿ ನಾಲ್ಕಾರು ಅಕ್ಷರ ಉಳಿದಿದ್ದವು, ಮಿಕ್ಕದ್ದೆಲ್ಲ ಮಸಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

“ಇಷ್ಟು ಅಕ್ಷರ ಹೋದ್ರೆ ದುಡ್ಡು ತೆಗೆಯೋದು ಯಾರ ಕೈಲೂ ಆಗಲ್ಲಮ್ಮ” ಎಂದಳು ಮುದುಕಿ, ಅವನನ್ನು ಬಿಟ್ಟು ಹೂವಿನಕ್ಕನಿಗೆ.

ವಾಪಸ್ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಅವಳು ಬೈಯಲಿ, ಅತ್ತುಬಿಡಲಿ ಎಂದು ಅವನು ಕಾದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನಾಚಿಕೆಯಿಂದ ಅವನಿಗೆ ಸತ್ತುಹೋಗುವಂತಾಯಿತು. ಆದರೂ ಅಭ್ಯಾಸಬಲ, ಕೈ ತಾನಾಗಿ ಜೇಬಿಗೆ ಹೋಗಿ ಫೋನು ತೆಗೆಯಿತು. ದುಡ್ಡು ಹಾಗೇ ಇತ್ತು, ಒಂದು ಕಾಸೂ ಕಡಿಮೆಯಾಗಿರಲಿಲ್ಲ.

ಹೂವಿನಕ್ಕ ಬಗ್ಗಿ ನೋಡಿದಳು.

“ಇದೆಯಾ?”

“ಇದೆ.”

“ಹಾಗಿದ್ರೆ ಇವತ್ತಿಂದ ನಿಶ್ಚಿಂತೆಯಾಗಿ ಮಲಗಿ. ಇನ್ನು ಅದನ್ನ ಯಾರೂ ಕದಿಯೋಕಾಗಲ್ಲ.”