ಆಕಾಶದ ಸಲುವಾಗಿ ಪಂಪ್ ಬಿಟ್ಟ ಕಾಕಾ

ದೋಸ್ತರ, ನಮ್ಮ ಕಾಕಾಗ ದಮ್ಮಿನ ಜಡ್ಡು, ದಿನಾ ಬಾಯಾಗ ಔಷಧದ ಪಂಪ್ ಹೊಡಕೋತಾರ. ಇವತ್ತ ಇಂಡಿ ದವಾಖಾನಿಗೆ ಕರಕೊಂಡು ಬಂದೇನಿ.

ಡಾಕ್ಟರ್ ಅಂದ್ರು, "ಈ ಪಂಪಿನ್ಯಾಗಿನ ಗ್ಯಾಸ್ ವಾತಾವರಣಕ್ಕ ಛಲೋ ಅಲ್ರಿ. ಪುಡಿ ಔಷಧ ಎಳಕೊಳ್ಳೋ ಮಿಷಿನ್ ಐತಿ, ನಿಮಗ ಅದೂ ಅಷ್ಟ ಗುಣ ಕೊಡ್ತೈತಿ."

"ನಾ ಎರಡ ಸಲ ಪುಸ್ ಅನಿಸಿದ್ರ ಆಕಾಶಕ್ಕೇನ ಆಗ್ತೈತ್ರಿ?" ಅಂದ್ರು ಕಾಕಾ. ಆದ್ರೂ ಪುಡಿ ಎಳದು ನೋಡಿ ಒಪ್ಪಿಕೊಂಡ್ರು.

ಹೊರಗ ಬರೋದ್ರಾಗ ಊರಿಂದ ಅವರ ತಮ್ಮನ ಫೋನ್ ಬಂತು. "ಅಣ್ಣಾ, ಕಬ್ಬು ಕಡದ ಹೊಲದಾಗ ಬಿದ್ದ ಒಣಾ ಎಲಿ ರವದಿಗೆ ಬೆಂಕಿ ಹಚ್ಚಲ್ಯಾ?"

"ಈಗ ಹಚ್ಚಿಬಿಡು. ನಾ ಊರಾಗಿದ್ರ ನನಗ ಹೊಗಿ ತಡಿಯಂಗಿಲ್ಲ."

ಹೊಗಿ ಆರೂತನಕ ಇಲ್ಲೇ ಚಾದಂಗಡ್ಯಾಗ ಕುಂತೇವಿ. ಕಾಕಾ ಹೊಸ ಮಿಷಿನ್ ತೋರಿಸಿ ಅಂಗಡಿಯವಂಗ ಹೇಳಾಕತ್ತಾರ, "ಆಕಾಶದ ಸಲುವಾಗಿ ನಾ ಪಂಪ್ ಬಿಟ್ಟೇನಿ ನೋಡಪಾ."